ಕರೆಂಟ್ ಹೊಡೆದ ಕೈ: ಬ್ಯಾಂಡೇಜ್ ಸುತ್ತಿ ಕಳುಹಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಅಡಿಕೆ, ತೆಂಗಿನ ತೋಟಗಳಲ್ಲಿ ಅಲ್ಯುಮಿನಿಯಂ ದೋಟಿ 11 ಕೆ.ವಿ. ತಂತಿಗೆ ತಗುಲಿ ಜೀವ ಹೋದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಬದುಕುಳಿದವರ ಕೈಕಾಲಿನ ಗತಿ ಏನಾಯಿತೆಂಬುದು ಮಾತ್ರ ಬರುವುದಿಲ್ಲ. ಕೈ ಉಳಿಯುವುದೋ ಹೋಗುವುದೋ ಎಂಬುದು ಬಹಳಷ್ಟು ಸಲ ದೊಡ್ಡಾಸ್ಪತ್ರೆ ತಲುಪುವ ಮೊದಲೇ ತೀರ್ಮಾನವಾಗಿರುತ್ತದೆ.

ಈ ಗಾಯ ಕಣ್ಣಿಗೆ ಮೋಸ ಮಾಡುತ್ತದೆ. ಮಣಿಕಟ್ಟಿನಲ್ಲಿ ರೂಪಾಯಿ ಅಗಲದ ಕರಿ ಕಲೆ, ಪಾದದಲ್ಲಿ ಇನ್ನೊಂದು. ನಡುವಿನ ಚರ್ಮ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಮೂಳೆ ಕಾದು, ಅದಕ್ಕಂಟಿದ ಸ್ನಾಯು ಬೆಂದಿರುತ್ತದೆ. ಆದ್ದರಿಂದ ಸುಟ್ಟ ಚರ್ಮದ ಶೇಕಡಾವಾರು ಲೆಕ್ಕದಲ್ಲಿ ಡ್ರಿಪ್ ಕೊಟ್ಟರೆ ಸಾಲುವುದಿಲ್ಲ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಸತ್ತ ಸ್ನಾಯುವಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಕಿಡ್ನಿಗೆ ಇಳಿಯುತ್ತಿದೆ ಎಂದರ್ಥ. ಆಗ ವಯಸ್ಕರಿಗೆ ಗಂಟೆಗೆ 75ರಿಂದ 100 ಮಿ.ಲೀ. ಮೂತ್ರ ಬರುವಷ್ಟು ದ್ರವ ಕೊಡಬೇಕು, ಜೊತೆಗೆ ಇಸಿಜಿ ಮೇಲೆ ಕಣ್ಣಿಡಬೇಕು.

ಬೆಂದ ಸ್ನಾಯು ಊದಿಕೊಂಡರೂ ಅದರ ಮೇಲಿನ ಗಟ್ಟಿ ಪೊರೆ ಹಿಗ್ಗುವುದಿಲ್ಲ. ಒತ್ತಡಕ್ಕೆ ರಕ್ತಸಂಚಾರ ನಿಂತು, ಉಳಿದ ಒಳ್ಳೆಯ ಸ್ನಾಯುವೂ ಸುಮಾರು ಆರು ಗಂಟೆಯಲ್ಲಿ ಸಾಯತೊಡಗುತ್ತದೆ. ಮುಂಗೈ ಕಲ್ಲಿನಂತೆ ಬಿಗಿದಿದ್ದು, ಬೆರಳನ್ನು ನಾವು ನಿಧಾನವಾಗಿ ನೆಟ್ಟಗೆ ಮಾಡಿದಾಗ ರೋಗಿ ಚೀರಿದರೆ ಕಾಯಬಾರದು. ನಾಡಿ ಸಿಗುತ್ತಿದೆ ಎಂಬ ಸಮಾಧಾನವೂ ಬೇಡ. ನಾಡಿ ನಿಲ್ಲುವುದು ಕೊನೆಗೆ. ಅಂಗೈ ಬುಡದಲ್ಲಿ ನರ ಹಾಯುವ ಕಾರ್ಪಲ್ ಟನೆಲ್‌ನಿಂದ ಮೊಣಕೈವರೆಗೆ ಪೊರೆ ಸೀಳುವ ಫ್ಯಾಸಿಯಾಟಮಿಗೆ ಪ್ಲಾಸ್ಟಿಕ್ ಸರ್ಜನ್ ಬರಬೇಕೆಂದಿಲ್ಲ. ಜಿಲ್ಲಾಸ್ಪತ್ರೆಯ ಜನರಲ್ ಸರ್ಜನ್ ಇದನ್ನು ಮಾಡಿಯೇ ಮುಂದಕ್ಕೆ ಕಳುಹಿಸಬೇಕೆಂಬುದು ನಮ್ಮ ಒತ್ತಾಯ.

ಮರುಜೋಡಣೆಯ ಕೆಲಸ ಶುರುವಾಗುವುದು ಆಮೇಲೆ. ಸತ್ತ ಸ್ನಾಯುವನ್ನು ಒಂದೇ ಸಲಕ್ಕೆ ಗುರುತಿಸಲಾಗದು, 24ರಿಂದ 48 ಗಂಟೆಗೊಮ್ಮೆ ತೆರೆದು ನೋಡಿ ತೆಗೆಯಬೇಕು. ತಮ್ಮ ಪೊರೆ ಕಳಚಿ ಬರಿದಾದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಮೂಳೆಗಳ ಮೇಲೆ ತೆಳು ಚರ್ಮದ ಕಸಿ ಹಿಡಿಯುವುದಿಲ್ಲ, ಫ್ಲ್ಯಾಪ್, ಅಂದರೆ ತನ್ನದೇ ರಕ್ತನಾಳವಿರುವ ದಪ್ಪ ಚರ್ಮದ ತುಂಡು, ಬೇಕು. ತೊಡೆಯಿಂದ ಪೂರ್ತಿ ಬಿಡಿಸಿ ತಂದ ಫ್ರೀ ಫ್ಲ್ಯಾಪ್‌ನ ರಕ್ತನಾಳವನ್ನು ಸುಟ್ಟ ಜಾಗದಿಂದ ದೂರವೇ ಜೋಡಿಸಬೇಕು. ಒಳಪದರ ಹಾಳಾದ ನಾಳಕ್ಕೆ ಹೊಲಿದರೆ ರಕ್ತ ಹೆಪ್ಪುಗಟ್ಟಿ ಫ್ಲ್ಯಾಪ್ ಪೂರ್ತಿ ಕಳೆದುಹೋಗುತ್ತದೆ. ಹೀಗೆ ನಾಳ ಹೊಲಿಯಲು ಬೇಕಾದ ಮೈಕ್ರೋಸ್ಕೋಪ್ ಇಲ್ಲದ ಕಡೆ ಕೈಯನ್ನು ತೊಡೆಸಂದಿಗೆ ಹೊಲಿದು ಸುಮಾರು ಮೂರು ವಾರದ ಬಳಿಕ ಬಿಡಿಸುವ ಹಳೆಯ ಗ್ರೋಯಿನ್ ಫ್ಲ್ಯಾಪ್ ಇವತ್ತಿಗೂ ನಂಬಿಕಸ್ಥ ವಿಧಾನ. ನರಕ್ಕೆ ಕಾಲಿನ ಸೂರಲ್ ನರದ ಕಸಿ ಹಾಕಿದರೂ ಅದು ಬೆಳೆಯುವುದು ದಿನಕ್ಕೆ ಒಂದು ಮಿ.ಮೀ. ಅಷ್ಟೇ. ಟೆಂಡನ್ ಸರದಿ ಬರುವುದು ಚರ್ಮ ಮೆತ್ತಗಾಗಿ, ಬೆರಳಿನ ಗಂಟುಗಳು ಸಲೀಸಾಗಿ ಮಡಚುವಂತಾದ ಮೇಲೆ. ಹಾಗಾಗಿ ಮೊದಲ ದಿನದಿಂದಲೇ ಸ್ಪ್ಲಿಂಟ್ (ಆಸರೆ ಪಟ್ಟಿ) ಕಟ್ಟಿ ಮಣಿಕಟ್ಟನ್ನು ತುಸು ಹಿಂದಕ್ಕೆ, ಬೆರಳಿನ ಬುಡದ ಗಂಟುಗಳನ್ನು ಮಡಚಿ, ಬೆರಳುಗಳನ್ನು ನೇರ ಇಡಬೇಕು. ಗಂಟು ಒಮ್ಮೆ ಸೆಟೆದರೆ ಮುಂದಿನ ಆಪರೇಷನ್‌ಗಳು ವ್ಯರ್ಥ.

ರೆಫರಲ್ ಚೀಟಿಯಲ್ಲಿ ಶಾಕ್ ಹೊಡೆದ ಹೊತ್ತು, ತಂತಿಯ ವೋಲ್ಟೇಜ್, ಗಂಟೆಗಂಟೆಯ ಮೂತ್ರದ ಪ್ರಮಾಣ ಮತ್ತು ಬಣ್ಣ, ಪೊರೆ ಸೀಳಿದ ಸಮಯ, ಇಷ್ಟನ್ನಾದರೂ ಬರೆದು ಕಳುಹಿಸಿ ಎಂದು ಸಹೋದ್ಯೋಗಿಗಳಲ್ಲಿ ವಿನಂತಿ.

– ಪ್ಲಾಸ್ಟಿಕ್ ಸರ್ಜರಿ ವೈದ್ಯರು