ಹಿಂದೆ ಪಂಕ್ಚರ್ ಆದರೂ ಸಣ್ಣ ಸ್ಟೆಪ್ನಿ ಮುಂದಕ್ಕೇ ಹೋಗಲಿ

ಮಾನ್ಯ ಸಂಪಾದಕರೇ,

ಸ್ಪೋರ್ಟ್ಸ್ ಕಾರುಗಳ ಡಿಕ್ಕಿಯಲ್ಲಿರುವ ಸಣಕಲು ಸ್ಟೆಪ್ನಿಯ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ‘ಗಂಟೆಗೆ 80 ಕಿ.ಮೀ. ಮೀರಬೇಡಿ’ ಎನ್ನುವಲ್ಲಿಗೆ ಮುಗಿದಿದೆ. ಅಷ್ಟನ್ನು ಆ ಚಕ್ರಕ್ಕೆ ಅಂಟಿಸಿದ ಚೀಟಿಯೇ ಹೇಳುತ್ತದೆ. ಅದನ್ನು ನಾಲ್ಕರಲ್ಲಿ ಯಾವ ಜಾಗಕ್ಕೆ ಹಾಕಬೇಕು ಎಂಬುದು ಚೀಟಿಯಲ್ಲಿ ಇರುವುದಿಲ್ಲ. ಕಾರು ಕೆಡುವುದು ಅಲ್ಲೇ.

ತಿರುವಿನಲ್ಲಿ ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಜೋಡಣೆಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ಹಿಂಚಕ್ರಗಳಿಗೆ ಎಂಜಿನ್ ಬಲ ಹೋಗುವ ಸ್ಪೋರ್ಟ್ಸ್ ಕಾರುಗಳಲ್ಲಿ ಹಲವಕ್ಕೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುತ್ತದೆ. ಒಂದು ಚಕ್ರ ಜಾರಿ ಜಾಸ್ತಿ ಸುತ್ತತೊಡಗಿದರೆ ಅದನ್ನು ತಡೆಹಿಡಿದು ಇನ್ನೊಂದಕ್ಕೆ ಬಲ ಕೊಡುವುದು ಅದರ ಕೆಲಸ. ಈಗ ಲೆಕ್ಕ ನೋಡಿ. ಟೈರಿನ ಮೇಲಿನ ಅಂಕಿಗಳಲ್ಲಿ ಮೊದಲು ಬರುವುದು ಅಗಲ (ಮಿ.ಮೀ.), ಆಮೇಲೆ ಪ್ರೊಫೈಲ್ (ಟೈರಿನ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು), ಕೊನೆಗೆ ರಿಮ್ಮಿನ ವ್ಯಾಸ (ಇಂಚು). 225/45 ಆರ್ 17 ಟೈರಿನ ವ್ಯಾಸ ಸುಮಾರು 634 ಮಿ.ಮೀ.; 125/70 ಆರ್ 17 ಸ್ಟೆಪ್ನಿಯದು 607. ಕಿಲೋಮೀಟರಿಗೆ ಮೊದಲನೆಯದು ಸುಮಾರು 502 ಸುತ್ತು ಸುತ್ತಿದರೆ ಎರಡನೆಯದು 525. ನೆಟ್ಟಗಿನ ರಸ್ತೆಯಲ್ಲೂ ಪ್ರತಿ ಕಿಲೋಮೀಟರಿಗೆ 23 ಸುತ್ತಿನ ವ್ಯತ್ಯಾಸ! ಕಾರು ಎಂದೂ ಮುಗಿಯದ ತಿರುವಿನಲ್ಲಿದ್ದಂತೆ ಡಿಫರೆನ್ಷಿಯಲ್ ದುಡಿಯುತ್ತದೆ. ಕ್ಲಚ್ ಪ್ಲೇಟಿನ ಮಾದರಿಯಾದರೆ ಪ್ಲೇಟುಗಳು ಬಿಡುವಿಲ್ಲದೆ ಉಜ್ಜಿಕೊಂಡು ಸವೆಯುತ್ತವೆ, ಎಣ್ಣೆ ಕಾಯುತ್ತದೆ. ವಿಸ್ಕಸ್ ಮಾದರಿಯಲ್ಲಿ ಕಾಯುವುದು ಒಳಗಿನ ಸಿಲಿಕೋನ್ ದ್ರವ. ಸಾಧಾರಣ ಡಿಫರೆನ್ಷಿಯಲ್ ಆದರೆ ಸ್ವಲ್ಪ ದೂರಕ್ಕೆ ತಡೆದುಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರುಗಳಲ್ಲಿ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ನಡುವಿನ ಕಪ್ಲಿಂಗಿಗೂ ಇದೇ ಪಾಡು. ಜಪಾನಿನ ಸುಬಾರು ಕಂಪನಿಯ ಹಳೆಯ ಆಟೊಮ್ಯಾಟಿಕ್ ಕಾರುಗಳಲ್ಲಿ ಇದಕ್ಕೆಂದೇ ಒಂದು ಖಾಲಿ ಫ್ಯೂಸ್ ಗೂಡು ಇರುತ್ತಿತ್ತು. ಸಣ್ಣ ಸ್ಟೆಪ್ನಿ ಹಾಕಿದಾಗ ಅಲ್ಲಿಗೊಂದು ಫ್ಯೂಸ್ ಸಿಕ್ಕಿಸಿದರೆ ಹಿಂಚಕ್ರಗಳಿಗೆ ಬಲ ಹೋಗುವುದು ನಿಲ್ಲುತ್ತಿತ್ತು.

ಹಾಗಾಗಿ ಎಂಜಿನ್ ಬಲ ಹೋಗುವ ಚಕ್ರದ ಜಾಗಕ್ಕೆ ಸಣ್ಣ ಸ್ಟೆಪ್ನಿ ಹಾಕಬಾರದು; ಹಿಂದೆ ಪಂಕ್ಚರ್ ಆದರೆ ಎರಡು ಸಲ ಜಾಕ್ ಎತ್ತಲೇಬೇಕು. ಚಕ್ರಕ್ಕೆ ಕಲ್ಲು ಕೊಟ್ಟು, ಎರಡೂ ಚಕ್ರಗಳ ಬೋಲ್ಟುಗಳನ್ನು ನೆಲದ ಮೇಲೆ ಇರುವಾಗಲೇ ಕಾಲು ಸುತ್ತು ಸಡಿಲಿಸಿ. ಮೊದಲು ಮುಂದಿನದನ್ನು ಬಿಚ್ಚಿ ಅಲ್ಲಿ ಸ್ಟೆಪ್ನಿ ಕೂರಿಸಿ, ಕಾರು ಇಳಿಸಿ. ಆಮೇಲೆ ಹಿಂದೆ ಎತ್ತಿ, ಮುಂದಿನಿಂದ ಬಂದ ಒಳ್ಳೆಯ ಚಕ್ರವನ್ನು ಅಲ್ಲಿಗೆ ಹಾಕಿ. ಮುಂಚಕ್ರ ಎಳೆಯುವ ಕಾರಾದರೆ ಇದೇ ಕ್ರಮ ತಿರುಗುಮುರುಗು. ಕಾರಿನ ಕೈಪಿಡಿ ಬೇರೆ ಹೇಳಿದ್ದರೆ ಅದೇ ಕೊನೆಯ ಮಾತು. ಸ್ಟೆಪ್ನಿ ಮುಂದೆ ಬಂದಾಗ ಬ್ರೇಕ್ ಹಾಕಿದರೆ ಸ್ಟಿಯರಿಂಗ್ ಒಂದು ಕಡೆಗೆ ಎಳೆಯಬಹುದು, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬೇಗ ಕೆಲಸಕ್ಕಿಳಿಯುತ್ತದೆ. 225ರ ಜಾಗದಲ್ಲಿ 125 ಇದ್ದರೆ ಇನ್ನೇನಾಗಬೇಕು? ಮಳೆಗಾಲದ ಶಿರಾಡಿ ಘಾಟಿಯಲ್ಲಿ 80 ಕೂಡ ಜಾಸ್ತಿಯೇ.

ಮುಂದೆ, ಹಿಂದೆ ಬೇರೆ ಬೇರೆ ಅಳತೆಯ ಟೈರಿರುವ ಕಾರುಗಳಲ್ಲಿ ಈ ಉಪಾಯವೂ ಪೂರ್ತಿ ನಡೆಯದು. ಮುಂದೆ 255/40, ಹಿಂದೆ 275/40 ಆರ್ 19 ಹಾಕಿದ ಫೋರ್ಡ್ ಮಸ್ಟಾಂಗ್‌ನಲ್ಲಿ ಎರಡರ ವ್ಯಾಸಕ್ಕೆ 16 ಮಿ.ಮೀ. ಅಂತರ. ಅಂಥ ಕಾರಿನ ಹಿಂಚಕ್ರ ಹೋದರೆ ಫ್ಲಾಟ್‌ಬೆಡ್ ಲಾರಿ ಕರೆಸುವುದೇ ಅಗ್ಗ.

ಇನ್ನು ಕ್ಯಾಲಿಪರ್, ಅಂದರೆ ಬ್ರೇಕ್ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ. ದೊಡ್ಡ ಬ್ರೇಕಿನ ಕಾರಿಗೆ ಸಣ್ಣ ರಿಮ್ ಅದಕ್ಕೆ ತಾಗಿ ಕೂರದೇ ಇರಬಹುದು. ಹೊರಗಿನಿಂದ ದೊಡ್ಡ ಬ್ರೇಕ್ ಹಾಕಿಸಿದವರಿಗಂತೂ ಈ ಸಮಸ್ಯೆ ಖಂಡಿತ ಎಂದೇ ಇಟ್ಟುಕೊಳ್ಳಿ. ಮನೆ ಮುಂದೆಯೇ ಒಮ್ಮೆ ಹಾಕಿ, ಕೈಯಿಂದ ಸುತ್ತಿಸಿ ನೋಡಿ. ಎಲ್ಲಾದರೂ ‘ಕರ್ರ್’ ಎಂದರೆ ಆ ಸ್ಟೆಪ್ನಿ ನಿಮ್ಮ ಕಾರಿನದಲ್ಲ. ಬೋಲ್ಟಿನ ಉದ್ದವನ್ನೂ ಗಮನಿಸಿ. ಕೆಲವು ಕಾರುಗಳಲ್ಲಿ ಸ್ಟೆಪ್ನಿಗೆ ಬೇರೆಯೇ ಗಿಡ್ಡ ಬೋಲ್ಟುಗಳನ್ನು ಟೂಲ್ ಕಿಟ್ಟಿನಲ್ಲಿ ಕೊಟ್ಟಿರುತ್ತಾರೆ. ದಪ್ಪ ಅಲಾಯ್‌ಗೆಂದು ಮಾಡಿದ ಉದ್ದ ಬೋಲ್ಟನ್ನು ತೆಳು ಸ್ಟೀಲ್ ರಿಮ್ಮಿಗೆ ಬಿಗಿದರೆ ತುದಿ ಹಬ್‌ನ, ಅಂದರೆ ಚಕ್ರ ಕೂರುವ ಭಾಗದ, ಆಚೆಗೆ ಚಾಚಿ, ಹಿಂದೆ ಡಿಸ್ಕಿನೊಳಗಿನ ಹ್ಯಾಂಡ್‌ಬ್ರೇಕ್ ಶೂಗೆ ತಾಗುತ್ತದೆ. ಚಕ್ರ ಹೊರಕ್ಕೆ ಬರಲೆಂದು ಹಬ್‌ಗೂ ರಿಮ್ಮಿಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿಸಿ ಉದ್ದ ಬೋಲ್ಟು ತೊಡಿಸಿದವರು, ಸ್ಪೇಸರ್ ತೆಗೆದು ಸ್ಟೆಪ್ನಿ ಹಾಕುವಾಗ ಮೂಲ ಬೋಲ್ಟುಗಳನ್ನು ಹುಡುಕಿಕೊಳ್ಳಬೇಕು. ಬಿಗಿದು 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.

ಎರಡು ಸೀಟಿನ ಕಾರುಗಳಲ್ಲಿ ಬಿಚ್ಚಿದ ಅಗಲ ಹಿಂಚಕ್ರ ಸ್ಟೆಪ್ನಿಯ ಗುಳಿಯಲ್ಲಿ ಕೂರುವುದಿಲ್ಲ. ಅದು ಪಕ್ಕದ ಸೀಟಿಗೆ ಬರುತ್ತದೆ, ಅಲ್ಲಿ ಕೂತಿದ್ದವರು ಆಟೊ ಹಿಡಿಯಬೇಕು. ಚಕ್ರಕ್ಕೆ ಸೀಟ್ ಬೆಲ್ಟ್ ಹಾಕಲು ಮರೆಯಬೇಡಿ.

ಅಂದಹಾಗೆ ‘ಸ್ಟೆಪ್ನಿ’ ಎಂಬ ಮಾತೇ ತಾತ್ಕಾಲಿಕ ಚಕ್ರದಿಂದ ಬಂದದ್ದು. 1904ರಲ್ಲಿ ವೇಲ್ಸ್‌ನ ಲ್ಯಾನೆಲ್ಲಿಯ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು ಮಾಡಿದ್ದು ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಬಿಗಿಯುವ, ಗಾಳಿ ತುಂಬಿದ ಟೈರಿನ ಬರೀ ರಿಮ್ಮು.

ಟೈರಿನ ಒತ್ತಡ ತೋರಿಸುವ ವ್ಯವಸ್ಥೆ, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ನಿಯಮ ಬದಲಿಸಿತು. ಮೊಳೆ ಚುಚ್ಚಿದರೆ ಕಿಟ್ ಸಾಕು. ನಮ್ಮ ಗುಂಡಿಗಳಿಗೆ ಬಿದ್ದ 35, 40 ಪ್ರೊಫೈಲಿನ ಟೈರು ಹರಿಯುವುದು ಅದರ ಪಕ್ಕದ ಗೋಡೆಯಲ್ಲಿ. ಅಲ್ಲಿ ಕಿಟ್ಟಿನ ಸೀಲೆಂಟ್ ಅಂಟು ಹಿಡಿಯುವುದಿಲ್ಲ. ಕಾರು ಕೊಳ್ಳುವವರು ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿಯೇ ಸಹಿ ಹಾಕಲಿ.

ಬಂಕ್‌ಗಳಲ್ಲಿ ಗಾಳಿ ಹೊಡೆಯುವವರಿಗೂ ಒಂದು ಮಾತು. ಐದೂ ಚಕ್ರಕ್ಕೆ 33 ಪಿಎಸ್‌ಐ ಹೊಡೆಯುವ ರೂಢಿ ಈ ಸ್ಟೆಪ್ನಿಗೆ ಆಗದು. ಇದಕ್ಕೆ ಬೇಕಾದ್ದು 60 ಪಿಎಸ್‌ಐ, ಅದೇ ಒತ್ತಡವನ್ನು ಟೈರಿನ ಮೇಲೆ 420 ಕೆಪಿಎ ಎಂದು ಬರೆದಿರುತ್ತದೆ. 33ರಲ್ಲಿ ಓಡಿಸಿದರೆ ಪಕ್ಕದ ಗೋಡೆ ಮಡಚಿಕೊಂಡು ಕಾದು ಸಿಡಿಯಬಹುದು. ಮಷಿನ್ನಿನ ಅಂಕಿಯನ್ನು 60ಕ್ಕೆ ಏರಿಸಿ ಕೊಡಿ ಎಂದು ಕಾರಿನವರೇ ಕೇಳಬೇಕು, ಎರಡು ತಿಂಗಳಿಗೊಮ್ಮೆಯಾದರೂ.

— ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಕೆಲಸದವರು, ಬೆಂಗಳೂರು