ಲೈಟರ್ ಮೊದಲ ಸಲ ಹೊತ್ತಿರಲಿಲ್ಲ

ಪುಟ್ಟಿ,

ಬೆಳಿಗ್ಗೆ ಎದ್ದು ನೋಡಿದರೆ ನಿನ್ನ ಬ್ಯಾಗು ಇರಲಿಲ್ಲ. ಗೆಳತಿಯ ರೂಮಿಗೆ ಹೋಗಿದ್ದೀಯ ಅಂತ ಅಮ್ಮ ಹೇಳಿದಳು. ದಿಂಬು ಮಾತ್ರ ಇಲ್ಲೇ ಬಿಟ್ಟಿದ್ದೀಯ. ಫೋನ್ ಮಾಡಿದರೆ ಮಧ್ಯದಲ್ಲಿ ದನಿ ಏರಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆಯ ಜಗಳದಲ್ಲಿ ಯಾರು ಏನಂದರು ಅನ್ನೋದು ಬೇಡ. ಇಬ್ಬರಿಗೂ ನೆನಪಿದೆ. ನನ್ನ ತಲೆಯಲ್ಲಿ ಕೂತಿರುವುದು ಮೊನ್ನೆ ರಾತ್ರಿಯದು. ಲೈಟರ್ ಮೊದಲ ಸಲ ಹೊತ್ತಲಿಲ್ಲ.

ನೀನು ಬಾಲ್ಕನಿಗೆ ಬಂದಾಗ ಎರಡು ಗಂಟೆ ಆಗಿತ್ತು. “ಅಪ್ಪಾ, ಒಂದ್ ಕೊಡು” ಅಂದೆ. ಸಿಗರೇಟ್ ಪ್ಯಾಕು ಚಾಚಿದೆ. ಯಾಕೆ ಅಂತಲೂ ಕೇಳಲಿಲ್ಲ. ನಿಜ ಹೇಳಲಾ? ಒಂಥರಾ ಖುಷಿಯಾಯಿತು. 19 ದಿನದಿಂದ ನೀನು ಆ ಕಡೆ ತಲೆ ಹಾಕಿರಲಿಲ್ಲ. ಸೇದುವವರಿಗೆ ಜೊತೆ ಬೇಕು ಪುಟ್ಟಿ. ಒಬ್ಬರು ಬಿಟ್ಟರೆ ಉಳಿದವರಿಗೆ ಒಳಗೊಳಗೇ ಕಸಿವಿಸಿ. ನಿನ್ನ ಅಣ್ಣ, ಚಿಕ್ಕಪ್ಪ ತಮಾಷೆ ಮಾಡ್ತಿದ್ದರಲ್ಲ, ಅದೂ ಇದೇ. ಅವರಿಗೆ ಬೈದೆ. ನಾನು ಮಾಡಿದ್ದು ಅದಕ್ಕಿಂತ ಕಡೆ.

ಗಾಳಿ ಇತ್ತು. ಲೈಟರ್ ಒತ್ತಿದೆ, ಕಿಡಿ ಹಾರಿತು, ಹೊತ್ತಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು, ಅಲ್ವಾ? “ನಡಿ, ಮಲಗು” ಅಂದಿದ್ದರೆ ಸಾಕಿತ್ತು. ನಾನು ಏನು ಮಾಡಿದೆ? ಗಾಳಿಗೆ ಕೈ ಅಡ್ಡ ಹಿಡಿದು ಮತ್ತೆ ಒತ್ತಿದೆ. ಆ ಬೆಳಕಲ್ಲಿ ನಿನ್ನ ಮುಖ ಕಂಡಿತು. ಕಣ್ಣಲ್ಲಿ ನೀರಿತ್ತು. ಹೊಗೆಗೆ ಇರಬೇಕು ಅಂದುಕೊಂಡೆ. ಹೊಗೆ ಇನ್ನೂ ಬಂದೇ ಇರಲಿಲ್ಲ.

“ನೀನು ಕೇಳಿದೆ, ನಾನು ಕೊಟ್ಟೆ” ಅಂತ ನಿನ್ನೆ ವಾದ ಮಾಡಿದೆನಲ್ಲ, ಅದು ಸುಮ್ನೆ ನನ್ನ ಮರ್ಯಾದೆ ಉಳಿಸಿಕೊಳ್ಳೋಕೆ. ತಪ್ಪಾಯಿತು.

ಒಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ನಾನೂ ನಾಲ್ಕೈದು ಸಲ ಬಿಡೋಕೆ ನೋಡಿದ್ದೇನೆ. ಜಾಸ್ತಿ ಅಂದರೆ 3 ದಿನ. ನನಗೆ ಗಟ್ಟಿ ಮನಸ್ಸಿಲ್ಲ ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ಆಮೇಲೆ ಡಾಕ್ಟರೊಬ್ಬರು ಹೇಳಿದರು, ಚಡಪಡಿಕೆ ಮೇಲಕ್ಕೇರೋದೇ ಆ ಎರಡು ಮೂರನೇ ದಿನದಲ್ಲಿ, ಅಲ್ಲಿಂದ ಮುಂದೆ ನಿಧಾನಕ್ಕೆ ಇಳಿಯುತ್ತೆ ಅಂತ. ಅಂದರೆ ನಾನು ಪ್ರತಿ ಸಲ ತುದಿಗೆ ಹೋಗಿ ವಾಪಸ್ ಬಂದಿದ್ದೇನೆ. ನೀನು ಅದನ್ನ ದಾಟಿ ಹದಿನಾರು ದಿನ ಮುಂದೆ ಹೋಗಿದ್ದೆ. ಅದೂ ಹಾಲಲ್ಲಿ ಆ್ಯಶ್‌ಟ್ರೇ ತುಂಬಿ ತುಳುಕುವ ಈ ಮನೆಯಲ್ಲಿ. ಇದನ್ನ ಮೊದಲೇ ಹೇಳಬೇಕಿತ್ತು.

ಒಂದು ಸೇದಿದೆ ಅಂತ ಆ 19 ದಿನ ಸೊನ್ನೆಯಾಗಲ್ಲ. ಜಾರಿದ್ದು ಒಂದು ಮೆಟ್ಟಿಲು. “ಹೇಗೂ ಹೋಯ್ತಲ್ಲ” ಅಂತ ಇನ್ನೊಂದು ಹಚ್ಚೋದೇ ಅಪಾಯ. ನಾನು ಬಿದ್ದಿದ್ದೆಲ್ಲ ಎರಡನೇ ಸಿಗರೇಟಿಗೆ.

ಆಮೇಲೆ ಸಿಗರೇಟ್ ಬಿಡೋಕೆ ಅಂತ ಜಗಿಯೋ ಆ ನಿಕೋಟಿನ್ ಗಮ್. ನೀನು ಅದನ್ನ ಪರೀಕ್ಷೆ ಹಾಲಲ್ಲಿ ಪೆನ್ಸಿಲ್ ಕಚ್ಚೋ ಹಾಗೆ ಜಗೀತೀಯ. ಹಾಗಲ್ಲ. ನಿಧಾನಕ್ಕೆ ಜಗಿ, ಬಾಯಿ ಚುರುಚುರು ಅಂದಾಗ ಕೆನ್ನೆಗೂ ವಸಡಿಗೂ ಮಧ್ಯ ಇಟ್ಟುಕೋ. ಚುರುಚುರು ನಿಂತ ಮೇಲೆ ಮತ್ತೆ ಜಗಿ. ಅರ್ಧ ಗಂಟೆ ಹೀಗೇ. ನಿಕೋಟಿನ್ ಒಳಗೆ ಹೋಗಬೇಕಾದ್ದು ಬಾಯಿಯಿಂದ, ನುಂಗಿದರೆ ಬರೀ ಬಿಕ್ಕಳಿಕೆ, ಹೊಟ್ಟೆ ಉರಿ.

ಕಾಫಿನೂ ಕಡಿಮೆ ಮಾಡು. ಸೇದುವವರ ಮೈ ಕೆಫೀನನ್ನ ಬೇಗ ಕರಗಿಸಿಬಿಡುತ್ತಂತೆ. ಬಿಟ್ಟ ಮೇಲೆ ಅದೇ ಲೋಟ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೆ. ಮೊನ್ನೆ ರಾತ್ರಿ ಎರಡು ಗಂಟೆಗೆ ನಿನಗೆ ಯಾಕೆ ನಿದ್ದೆ ಬಂದಿರಲಿಲ್ಲ ಅಂತ ಈಗ ಅರ್ಥವಾಗುತ್ತಿದೆ. ಸಂಜೆ ಎರಡನೇ ಲೋಟ ಕೈಗೆ ಕೊಟ್ಟವನೂ ನಾನೇ.

ನೋಡು, ಭಾಷಣ ಶುರುವಾಯಿತು. ದಿನಕ್ಕೊಂದು ಪ್ಯಾಕು ಸುಡುವವನು ಬಿಟ್ಟವಳಿಗೆ ಪಾಠ ಮಾಡ್ತಿದ್ದಾನೆ. ಇನ್ನೊಂದೇ ಒಂದು ಹೇಳ್ತೀನಿ, ಬೈಕೋಬೇಡ. ಆಸೆ ಬಂದಾಗ ಗಡಿಯಾರ ನೋಡು. ಮೂರರಿಂದ ಐದು ನಿಮಿಷ, ಸಾಮಾನ್ಯವಾಗಿ ಅಷ್ಟೇ ಅದರ ಜೋರು. ಆ ಐದು ನಿಮಿಷ ಸೇದುವವರ ಪಕ್ಕದಲ್ಲಿ ಮಾತ್ರ ಇರಬೇಡ. ನನ್ನ ಪಕ್ಕದಲ್ಲೂ.

ನಾನು ಬಿಡ್ತೀನಿ ಅಂತ ಬರೆಯಲ್ಲ. ಆ ಮಾತು ಎಷ್ಟು ಸಲ ಕೇಳಿದ್ದೀಯ. ಆದರೆ ಹಾಲಿನ ಆ್ಯಶ್‌ಟ್ರೇ ತೆಗೆದಿದ್ದೇನೆ. ಸೇದೋರೆಲ್ಲ ಕೆಳಗೆ ರಸ್ತೆಗೆ ಇಳಿಯಬೇಕು, ಪ್ಯಾಕು ಲೈಟರ್ ಎಲ್ಲಿಯೂ ಬಿದ್ದಿರಬಾರದು ಅಂತ ಹೇಳಿದ್ದೇನೆ. ಚಿಕ್ಕಪ್ಪ ನಕ್ಕ. ನಿನ್ನ ಅಣ್ಣ ಏನೂ ಅನ್ನದೆ ಇಳಿದು ಹೋದ. ಇನ್ನು ನೀನು ಕೇಳಿದರೂ ಕೊಡಲ್ಲ. ಅತ್ತರೂ ಕೊಡಲ್ಲ.

ಒಂದೇ ಭಯ. ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಆ ಬಾಲ್ಕನಿಯಲ್ಲೇ, ಕೈಯಲ್ಲಿ ಅದನ್ನ ಹಿಡಿದೇ. ಅದಿಲ್ಲದೆ ಹೇಗೆ ಶುರು ಮಾಡೋದು ಅಂತ ನನಗೆ ಗೊತ್ತಿಲ್ಲ.

ನೀನು ದಿಂಬು ಯಾಕೆ ಬಿಟ್ಟು ಹೋದೆ ಅಂತ ಮೂಗಿನ ಹತ್ತಿರ ಹಿಡಿದ ಮೇಲೆ ತಿಳಿಯಿತು. ನಾವು ಮೂರು ಜನ ಸೇದಿದ್ದು ಅದರಲ್ಲಿ ಕೂತಿದೆ. ಕವರು ಒಗೆದೆ, ವಾಸನೆ ಹೋಗಲಿಲ್ಲ. ಎರಡನೇ ಸಲ ನೆನೆಹಾಕಿದ್ದೇನೆ.

ಅಪ್ಪ