ನಾಣ್ಯಕ್ಕೆ ಕಾವಲಿದೆ, ಕಿಟ್ಟಕ್ಕಿಲ್ಲ: ಚಿತ್ರದುರ್ಗದ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಳೆದ ಬೇಸಿಗೆಯಲ್ಲಿ ಇಂಗಳದಾಳ್ ಕಡೆಯ ಗುಡ್ಡದ ಬುಡದಲ್ಲಿ ಎಡವಿದ ಕಲ್ಲೊಂದನ್ನು ಎತ್ತಿಕೊಂಡೆ. ಗಾತ್ರಕ್ಕೆ ಮೀರಿದ ತೂಕ. ಒಂದು ಮಗ್ಗುಲು ಗಾಜಿನಂತೆ ಕಪ್ಪು ಹೊಳಪು, ಇನ್ನೊಂದರಲ್ಲಿ ಗಾಳಿಗುಳ್ಳೆ ಒಡೆದ ಸಣ್ಣ ತೂತುಗಳು. ಅದು ಅದಿರು ಕರಗಿಸಿದಾಗ ಉಳಿಯುವ ಕಿಟ್ಟ. ಮತ್ತೊಮ್ಮೆ ಹೋಗುವಷ್ಟರಲ್ಲಿ ಅಲ್ಲಿನ ಕಿಟ್ಟವನ್ನು ಮಣ್ಣಿನೊಡನೆ ಬಾಚಿ, ಬಂಡಿದಾರಿಯ ಗುಂಡಿಗಳಿಗೆ ತುಂಬಿಬಿಟ್ಟಿದ್ದರು. ತುಂಬಿದವರನ್ನು ದೂರುವಂತಿಲ್ಲ, ಅದೇನೆಂದು ಹೇಳುವ ಒಂದು ಫಲಕವೂ ಅಲ್ಲಿರಲಿಲ್ಲ.

ಊರಿಗೆ ಅಂಟಿಕೊಂಡಿರುವ ಚಂದ್ರವಳ್ಳಿಯ ಮಾತೇ ಬೇರೆ. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಈ ನೆಲದಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮಿನ ಚಕ್ರವರ್ತಿ ಟಿಬೇರಿಯಸ್‌ನ ಬೆಳ್ಳಿ ನಾಣ್ಯವೂ ದೊರೆತಿವೆ. ನಾಣ್ಯಗಳನ್ನು ನಾವು ಜೋಪಾನ ಮಾಡಿದೆವು, ಸರಿ. ಆದರೆ ಆ ಸೀಸ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಗಣಿಗುಂಡಿಗಳಲ್ಲಿ, ಕುಲುಮೆಯ ಬೂದಿಯಲ್ಲಿ, ಕಿಟ್ಟದಲ್ಲಿ. ಇಂಗಳದಾಳ್ ತಾಮ್ರಕ್ಕೆ ಹೆಸರಾದರೂ ಅದೇ ಶಿಲಾಪಟ್ಟಿಯ ಗುಡ್ಡದರಂಗವ್ವನಹಳ್ಳಿಯ ಬಳಿ ಸೀಸದ ಅದಿರಾದ ಗೆಲೀನಾ ಇದೆ. ಗೆಲೀನಾದಲ್ಲಿ ಹಲವೆಡೆ ಬೆಳ್ಳಿಯ ಅಂಶವೂ ಸೇರಿರುತ್ತದೆ. ಹಿಂದಿನವರು ಸೀಸವನ್ನು ಮೂಳೆಬೂದಿಯ ಮೂಸೆಯಲ್ಲಿಟ್ಟು ಗಾಳಿಯೂದಿ ಕಾಯಿಸಿದಾಗ ಸೀಸ ಆಕ್ಸೈಡಾಗಿ ಬೂದಿಗೆ ಇಂಗಿ, ಬೆಳ್ಳಿಯ ಗುಂಡು ಮೇಲುಳಿಯುತ್ತಿತ್ತು. ಸೀಸದ ಐಸೋಟೋಪುಗಳ, ಅಂದರೆ ತೂಕದಲ್ಲಿ ತುಸು ಬೇರೆಯಾದ ಸೀಸದ ಪರಮಾಣುಗಳ, ಪ್ರಮಾಣವು ಅದಿರಿನ ನೆಲೆಯಿಂದ ನೆಲೆಗೆ ಬೇರೆಯಾಗಿರಬಲ್ಲದು, ಕರಗಿಸಿದರೂ ಬದಲಾಗುವುದಿಲ್ಲವಾದ್ದರಿಂದ, ನಾಣ್ಯ, ಕಿಟ್ಟ ಮತ್ತು ಅದಿರನ್ನು ಇಂದಿಗೂ ಹೋಲಿಸಿ ನೋಡಬಹುದು. ಕಿಟ್ಟವೇ ರಸ್ತೆಗೆ ಬಿದ್ದ ಮೇಲೆ ಹೋಲಿಸುವುದು ಯಾವುದನ್ನು?

ರಾಜಸ್ಥಾನದ ಜಾವರ್‌ನಲ್ಲಿ ಸತುವನ್ನು ಬಟ್ಟಿಯಿಳಿಸುತ್ತಿದ್ದ ಕುಲುಮೆಗಳ ಸಾಲು ಬೆಳಕಿಗೆ ಬಂದದ್ದು 1980ರ ದಶಕದಲ್ಲಿ, ಹಿಂದೂಸ್ತಾನ್ ಜಿಂಕ್, ಬರೋಡಾದ ವಿಶ್ವವಿದ್ಯಾಲಯ ಹಾಗೂ ಬ್ರಿಟಿಷ್ ಮ್ಯೂಸಿಯಂ ಕೂಡಿ ಅಂಥ ತಿಪ್ಪೆಗಳನ್ನೇ ಕೆದಕಿದಾಗ. ನಮ್ಮ ಮರಡಿಹಳ್ಳಿಯ ದಿಂಬುಲಾವಾ, ಅಂದರೆ ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾರಸದ ಬಂಡೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಮನುಷ್ಯರು ಬೆವರು ಸುರಿಸಿ ತೋಡಿದ ಗುಂಡಿಗಳಿಗೆ ಅಷ್ಟು ಮರ್ಯಾದೆಯೂ ಸಿಗದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಆದ್ದರಿಂದ ಈ ಗುಡ್ಡಗಳ ಹಳೆಯ ಗಣಿಗುಂಡಿ, ಕಿಟ್ಟದ ರಾಶಿಗಳನ್ನು ಪುರಾತತ್ತ್ವ ಇಲಾಖೆ ಮತ್ತು ಗಣಿ ಹಾಗೂ ಭೂವಿಜ್ಞಾನ ಇಲಾಖೆಗಳಿಂದ ಜಂಟಿಯಾಗಿ ಅಳತೆ ಮಾಡಿಸಿ, ಸರ್ವೆ ನಂಬರಿನೊಡನೆ ದಾಖಲಿಸಿ, ಅರ್ಹವಾದವುಗಳನ್ನು ರಾಜ್ಯದ 1961ರ ಪುರಾತತ್ತ್ವ ಕಾಯ್ದೆಯಡಿ ರಕ್ಷಿಸಲು ಪ್ರಸ್ತಾವ ಸಲ್ಲಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಮಣ್ಣೆತ್ತುವ ಪರವಾನಗಿ ಕೊಡುವ ಮುನ್ನ ಒಬ್ಬ ಪುರಾತತ್ತ್ವಜ್ಞರು ಸ್ಥಳ ನೋಡಿಬರುವಂತಾದರೂ ಆಗಲಿ.

ನಾನೂ ತಪ್ಪು ಮಾಡಿದ್ದೇನೆ: ಆ ತುಂಡನ್ನು ಅಲ್ಲೇ ಬಿಡದೆ ಮನೆಗೆ ತಂದೆ. ಸಿಕ್ಕ ಜಾಗವನ್ನು ಗುರುತು ಮಾಡಿಟ್ಟಿದ್ದೇನೆ. ಯಾವ ಕಚೇರಿಗೆ ಒಪ್ಪಿಸಬೇಕೆಂದು ತಿಳಿಸಿದರೆ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗದ ಒಬ್ಬ ನಿವೃತ್ತ ಶಿಕ್ಷಕ